ಕ್ರಾಯ್ಡನ್ ಅಲ್ಲ, ಅಬರ್ಡೀನ್

ಥೀಸಿಸ್ಸಿನ ಮೂರನೇ ಅಧ್ಯಾಯದಿಂದ ತಪ್ಪಿಸಿಕೊಳ್ಳಲೆಂದೇ ನಾನು ಹಾಸ್ಟೆಲ್ ರೂಮಿನಲ್ಲಿ ‘ಡಾಕ್ಟರ್ ಹೂ’ ನೋಡತೊಡಗಿದ್ದು. 1963ರಲ್ಲಿ ಶುರುವಾದ ಬಿಬಿಸಿ ಧಾರಾವಾಹಿ ಅದು. ಡಾಕ್ಟರ್ ಪಾತ್ರದ ನಟ ಬದಲಾದಾಗಲೆಲ್ಲ ಪಾತ್ರವೇ ಹೊಸ ದೇಹ ಪಡೆಯಿತು ಎಂದುಬಿಡುತ್ತಾರೆ. ಅವನ ಜೊತೆ ಕಾಲಯಾನ ಮಾಡುವ ಮನುಷ್ಯರಿಗೆ ಮಾತ್ರ ಆ ಸೌಲಭ್ಯವಿಲ್ಲ.

ಪತ್ರಕರ್ತೆ ಸಾರಾ ಜೇನ್ ಸ್ಮಿತ್ ಅಂಥವಳು. 1976ರ ಕಂತೊಂದರಲ್ಲಿ ಡಾಕ್ಟರ್ ಅವಳನ್ನು ‘ಮನೆ ಬಂತು’ ಎಂದು ಇಳಿಸಿ ಹೊರಟುಬಿಡುತ್ತಾನೆ. 2006ರ ‘ಸ್ಕೂಲ್ ರಿಯೂನಿಯನ್’ನಲ್ಲಿ ಅವಳು ಮತ್ತೆ ಬರುತ್ತಾಳೆ. ಅದೇ ನಟಿ, ಎಲಿಸಬೆತ್ ಸ್ಲೇಡನ್. ಡಾಕ್ಟರ್ ಮಾತ್ರ ಈಗ ಡೇವಿಡ್ ಟೆನಂಟ್, ಅವಳಿಗಿಂತ ಎಷ್ಟೋ ಚಿಕ್ಕವನು. ಹಳೆಯ ಪಾತ್ರವನ್ನು ಸಾಮಾನ್ಯವಾಗಿ ಕರೆಸುವುದು ಅಭಿಮಾನಿಗಳು ಶಿಳ್ಳೆ ಹೊಡೆಯಲಿ ಎಂದು. ಇವಳು ಲೆಕ್ಕ ಕೇಳಲು ಬಂದವಳು. ನೀನು ಸತ್ತೇಹೋದೆ ಅಂದುಕೊಂಡಿದ್ದೆ, ಕಾದೆ, ಯಾಕೆ ಬರಲಿಲ್ಲ? ಅವಳ ಕಾರಿನ ಡಿಕ್ಕಿಯಲ್ಲಿ ಅವನು ಕೊಟ್ಟಿದ್ದ ಯಂತ್ರನಾಯಿ ಕೆ-9 ಕೆಟ್ಟು ಬಿದ್ದಿದೆ. ಇನ್ನೊಂದು ವಿಷಯವೂ ಆಗಲೇ ಗೊತ್ತಾಗುವುದು: ಅವತ್ತು ಅವನು ಇಳಿಸಿದ್ದು ಲಂಡನ್ನಿನ ಕ್ರಾಯ್ಡನ್ನಿನಲ್ಲಲ್ಲ, ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ! ನನಗೆ ನಗು ಬಂತು. ಆಮೇಲೆ ನಗು ನಿಂತಿತು.

ಇನ್ನೊಂದು ಬಗೆಯ ಮರಳುವಿಕೆಯೂ ಇದೆ. ಪೀಟರ್ ಕುಶಿಂಗ್ ತೀರಿಕೊಂಡದ್ದು 1994ರಲ್ಲಿ. 2016ರ ‘ರೋಗ್ ಒನ್’ನಲ್ಲಿ ಬೇರೆ ನಟನ ಮೇಲೆ ಕಂಪ್ಯೂಟರಿನಿಂದ ಅವರ ಮುಖ ಕೂರಿಸಿ, 1977ರ ‘ಸ್ಟಾರ್ ವಾರ್ಸ್’ನ ಟಾರ್ಕಿನ್‌ನನ್ನು ಮತ್ತೆ ನಡೆಸಿದರು. ಕೆಲಸ ಅಚ್ಚುಕಟ್ಟು, ನಿಜ. ಆದರೆ ಆ ಮುಖಕ್ಕೆ ನಡುವಿನ ವರ್ಷಗಳೇ ಇಲ್ಲ, ಹಾಗಾಗಿ ಯಾರನ್ನೂ ಏನೂ ಕೇಳುವುದಿಲ್ಲ. ಸಾರಾ ಜೇನ್‌ಳ ಕಣ್ಣಂಚಿನ ಸುಕ್ಕುಗಳಿಗೆ ಕೇಳುವ ಹಕ್ಕಿದೆ.

ನನ್ನನ್ನು ಸಾಕಿದ್ದು ದೊಡ್ಡಮ್ಮ. ಎರಡು ವರ್ಷದ ಮೇಲೆ ಕಳೆದ ದೀಪಾವಳಿಗೆ ಊರಿಗೆ ಹೋದಾಗ ಊಟದುದ್ದಕ್ಕೂ ಗೈಡು, ಫೆಲೋಶಿಪ್ಪು, ಸೆಮಿನಾರು ಅಂತ ನಾನೇ ಮಾತಾಡಿದೆ. ಕೈ ತೊಳೆಯುವಾಗ ದೊಡ್ಡಮ್ಮ, “ನಾನು ಇಷ್ಟು ದಿನ ಏನು ಮಾಡ್ಕೊಂಡಿದ್ದೆ ಅಂತ ನೀನು ಕೇಳ್ಲೇ ಇಲ್ವಲ್ಲ” ಅಂದರು. ಸಿಟ್ಟಿನಿಂದೇನಲ್ಲ. ತಮಾಷೆ ಅಂದುಕೊಂಡು ನಕ್ಕು, ಮಾರನೇ ದಿನ ಬೆಳಗಿನ ಬಸ್ಸಿಗೆ ಹೊರಟುಬಂದೆ.

ಕಂತನ್ನು ಅರ್ಧಕ್ಕೇ ನಿಲ್ಲಿಸಿ ಫೋನ್ ಮಾಡಿದೆ. ರಾತ್ರಿ ಹನ್ನೊಂದಾಗಿತ್ತು. ಎತ್ತಲಿಲ್ಲ, ಮಲಗಿರಬೇಕು.