ಓರೆಯಾದ ಹಲಗೆ

1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದಂದಿನಿಂದ ಹೊಳೆನರಸೀಪುರದ ಕಡೆಯ ನಮ್ಮ ಗದ್ದೆಯು ಹೇಮಾವತಿಯ ನಾಲೆಯನ್ನೇ ನಂಬಿರುವುದು. ಕಳೆದ ವರ್ಷ ನೀರು ಬರಲು ಎರಡೇ ದಿನವಿದ್ದಾಗ, ಟ್ರ್ಯಾಕ್ಟರಿಗೆ ಕಟ್ಟಿದ ಮಟ್ಟದ ಹಲಗೆಯು ಬಲಗಡೆಗೇ ಆಳವಾಗಿ ಮಣ್ಣು ಕೆರೆಯತೊಡಗಿತು. ಗದ್ದೆ ಓರೆಯಾದರೆ ಒಂದು ಮೂಲೆಯಲ್ಲಿ ಪೈರು ಮುಳುಗುವುದು, ಇನ್ನೊಂದರಲ್ಲಿ ಕಳೆ ಮೇಲೇಳುವುದು. ಅಲುಗು ಬಾಗಿರಬಹುದೆಂದು ಬಿಚ್ಚಿ ನೋಡಿದೆವು, ನೇರವಾಗಿಯೇ ಇದ್ದಿತು. ಬಲಗಡೆಯ ಎತ್ತುವ ಸರಳನ್ನು ತಿರುಗಿಸಿ ಗಿಡ್ಡಮಾಡಿದೆವು. ಸ್ವಲ್ಪ ಹೊತ್ತು ನೆಟ್ಟಗೆ ನಡೆದು, ಮತ್ತೆ ಅದೇ ಚಾಳಿ. ಹಾಸನದಿಂದ ಮೇಸ್ತ್ರಿಯನ್ನು ಕರೆಸುವ ಮಾತೂ ಆಯಿತು. ಅಷ್ಟರಲ್ಲಿ ಬುತ್ತಿ ತಂದ ನಮ್ಮ ಮನೆಯವರು ಬದುವಿನ ಮೇಲೆ ನಿಂತು, “ಟ್ರ್ಯಾಕ್ಟರೇ ಬಲಕ್ಕೆ ವಾಲಿದೆಯಲ್ಲಾ, ನೋಡಬಾರದೇ ನೀವು?” ಎಂದರು. ಹಲಗೆಯ ಕೆಳಗೆ ಬಗ್ಗಿದ್ದ ನಮಗೆ ದೂರ ನಿಂತು ನೋಡುವ ಬುದ್ಧಿ ಬಂದಿರಲಿಲ್ಲ! ಹಿಂದಿನ ಚಕ್ರಕ್ಕೆ ಜಾಲಿಯ ಮುಳ್ಳು ಚುಚ್ಚಿ ಗಾಳಿ ಮೆಲ್ಲಮೆಲ್ಲನೆ ಇಳಿಯುತ್ತಿದ್ದಿತು. ಅದನ್ನು ಸರಿಪಡಿಸಿ, ಸರಳನ್ನು ಮೊದಲಿನಂತೆ ತಿರುಗಿಸಿ, ಸಂಜೆಯವರೆಗೂ ಹಲಗೆ ಹೊಡೆದೆವು. ಮರುದಿನ ಬಂದ ನೀರು ನಾಲ್ಕು ಮೂಲೆಗೂ ಒಂದೇ ಸಮನಾಗಿ ನಿಂತಿತು.