ತಂತಿ ಪಳಗುವುದು

ಪಳಗದೆ ಉಪಯೋಗಕ್ಕೆ ಬರುವ ಪದಾರ್ಥಗಳು ಲೋಕದಲ್ಲಿ ಕಡಮೆ. ಹೊಸ ಕಾವಲಿಗೆ ಎಣ್ಣೆ ಸವರಿ, ಈರುಳ್ಳಿಯ ಹೋಳಿನಿಂದ ಉಜ್ಜಿ, ಮೊದಲ ಎರಡು ಮೂರು ದೋಸೆಗಳನ್ನು ದನಕ್ಕೆ ಹಾಕಿದ ಮೇಲಲ್ಲದೆ ನಾಲ್ಕನೆಯದು ಸಲೀಸಾಗಿ ಏಳುವುದಿಲ್ಲ. ಹೊಸ ಜೋಡು ಕಾಲನ್ನು ಕಚ್ಚುತ್ತದೆ. ನೊಗಕ್ಕೆ ಹೊಸದಾದ ಹೋರಿ ಸಾಲು ಕೆಡಿಸುತ್ತದೆ. ತಂಬೂರಿಗೆ ಹೊಸ ತಂತಿ ಕಟ್ಟಿದ ದಿನ ಶ್ರುತಿ ಗಳಿಗೆಗೊಮ್ಮೆ ಇಳಿಯುತ್ತದೆ. ತಂತಿ ಹಿಗ್ಗುವುದು ನಿಲ್ಲುವವರೆಗೆ ಬಿರಡೆಯನ್ನು ಎಷ್ಟು ತಿರುಹಿದರೂ ಅದು ನೆಲೆಗೆ ಬಾರದು. ಆದುದರಿಂದ, ಸಂಗೀತಯಂತ್ರಕ್ಕೆ ವಿದ್ಯುತ್ತನ್ನು ಒಯ್ಯುವ ಹೊಸ ಕೇಬಲ್ಲೂ ಪಳಗಬೇಕೆಂದು ಯಾರಾದರೂ ಹೇಳಿದರೆ ಕೇಳಿದವರು ಒಡನೆ ನಗಲಾರರು. ಆ ಮಾತಿನಲ್ಲಿ ಅನುಭವದ ವಾಸನೆಯಿದೆ.

ಹಾಗೆ ಹೇಳುವ ರಸಿಕರು ಇಂದು ದೇಶದೇಶಗಳಲ್ಲಿಯೂ ಇದ್ದಾರೆ. ನೂರು, ಇನ್ನೂರು, ಮುನ್ನೂರು ಗಂಟೆಗಳ ಕಾಲ ವಿದ್ಯುತ್ತು ಹರಿದ ಮೇಲೆ ಕೇಬಲ್ಲಿನ ಬಿರುಸು ಕಳೆದು, ನಾದ ತಿಳಿಯಾಗಿ ವಿಸ್ತಾರಗೊಳ್ಳುವುದೆಂದು ಅವರ ನಂಬಿಕೆ. ಅಷ್ಟು ಕಾಲ ಕಾಯಲಾರದವರು ಅದನ್ನು ರೆಫ್ರಿಜರೇಟರಿಗೆ ಜೋಡಿಸಿ ಪಳಗಿಸುವುದೂ ಉಂಟು.

ದುರ್ಗಿಗುಡಿಯ ಗೃಹಸ್ಥರೊಬ್ಬರಿಗೆ ಈ ನಂಬಿಕೆ ತಾಗಿತು. ಅವರು ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದವರು. ಸಂಜೆ ದೀಪ ಹಚ್ಚಿದ ಮೇಲೆ ಹೆಂಡತಿಯೊಡನೆ ಕುಳಿತು ಒಂದು ಗಂಟೆ ಸಂಗೀತ ಕೇಳುವುದು ಅವರಿಗೆ ಬಹುಕಾಲದ ವ್ರತ. ಹೊಸ ಕೇಬಲ್ಲು ಮನೆಗೆ ಬಂದಿತು. ಇನ್ನೂರು ಗಂಟೆಯೆಂದರೆ ಹಗಲಿರುಳೂ ಎಂಟು ದಿನಗಳಿಗೆ ಮಿಕ್ಕಿತು. ಅಷ್ಟು ದಿನವೂ ಯಂತ್ರ ಸಣ್ಣ ದನಿಯಲ್ಲಿ ತನಗೆ ತಾನೇ ಹಾಡಿಕೊಳ್ಳುತ್ತಿದ್ದಿತು. ಯಜಮಾನರು ಗಳಿಗೆಗೊಮ್ಮೆ ಬಂದು, ಕಿವಿಗೊಟ್ಟು, ತಲೆದೂಗಿ ಹೋಗುತ್ತಿದ್ದರು. ವ್ರತದ ದಿನಗಳು ಮುಗಿದ ಮೇಲೂ ಕೇಳುವ ರೀತಿ ಮೊದಲಿನಂತೆ ಆಗಲಿಲ್ಲ. ಚೌಡಯ್ಯನವರ ಪಿಟೀಲಿನಲ್ಲಿ ರಾಗ ಬೆಳೆಯುತ್ತಿರುವಾಗ ಅವರು ನಡುವೆ ಕೈಯೆತ್ತಿ, “ಕೆಳಸ್ಥಾಯಿ ಈಗ ತುಂಬಿತು, ನೋಡಿದೆಯಾ?” ಎನ್ನುವರು. ಆಕೆ ಕೆಲವು ದಿನ “ಹೌದು” ಎಂದರು. ಆಮೇಲೆ ಅಡಿಗೆಮನೆಯಲ್ಲಿ ಏನಾದರೊಂದು ಕೆಲಸ ಹುಡುಕಿಕೊಂಡರು.

ಕೇಬಲ್ಲಿನಲ್ಲಿ ನಿಜವಾಗಿ ನಡೆಯುವುದೇನು? ಜೋಗದಲ್ಲಿ 1948ರಲ್ಲಿ ಕೆಲಸಕ್ಕೆ ತೊಡಗಿ, ಮರುವರ್ಷ ಮಹಾತ್ಮಾ ಗಾಂಧಿಯವರ ಹೆಸರನ್ನು ಪಡೆದ ವಿದ್ಯುದಾಗಾರದಿಂದಾಗಲಿ, ಜಾಲಕ್ಕೆ ಸೇರಿದ ಬೇರೆ ಯಾವುದೇ ಆಗರದಿಂದಾಗಲಿ ಹೊರಟ ಶಕ್ತಿ, ಕಾಡುಗುಡ್ಡಗಳ ಮೇಲೆ ಹರಿದ ಅಲ್ಯುಮಿನಿಯಂ ತಂತಿಗಳಲ್ಲಿ ಬಹುದೂರ ಸಾಗಿ, ಹಲವು ಪರಿವರ್ತಕಗಳನ್ನು ದಾಟಿ, ಬೀದಿಯ ಕಂಬವನ್ನೇರಿ, ಗೋಡೆಯೊಳಗಿನ ಹಳೆಯ ತಂತಿಯಲ್ಲಿ ನುಸುಳಿ ಗೂಡಿಗೆ ಬರುತ್ತದೆ. ಪಳಗಿಸಬೇಕೆಂಬುದು ಅಲ್ಲಿಂದಾಚೆಯ ಎರಡು ಮೊಳವನ್ನು ಮಾತ್ರ. ಅದರಲ್ಲಿಯೂ ವಿದ್ಯುತ್ತು ನೀರಿನಂತೆ ಒಂದೇ ದಿಕ್ಕಿಗೆ ಹರಿದು ದಾರಿ ಸವೆಸುವುದಿಲ್ಲ. ಸೆಕೆಂಡಿಗೆ 50 ಸಲ ಅದು ಮುಂದಕ್ಕೂ ಹಿಂದಕ್ಕೂ ತೂಗುತ್ತದೆ. ಮನೆಯ ಯಂತ್ರ ಎಳೆಯುವ ಅಲ್ಪ ಪ್ರವಾಹಕ್ಕೆ ತಾಮ್ರದೊಳಗಿನ ಎಲೆಕ್ಟ್ರಾನುಗಳ ಆ ತೂಗಾಟ ಕೂದಲೆಳೆಯ ದಪ್ಪದ ನೂರರಲ್ಲೊಂದು ಪಾಲನ್ನೂ ಮುಟ್ಟದು. ಎಳೆದು ಬಿರುಸಾದ ತಾಮ್ರವನ್ನು ಮೆದುಗೊಳಿಸಬೇಕಾದರೆ ಕಾರ್ಖಾನೆಯಲ್ಲಿ ನೂರಾರು ಡಿಗ್ರಿ ಕಾಯಿಸಬೇಕು. ಮನೆಯಲ್ಲಿ ಅಷ್ಟು ಕಾದರೆ ಮೇಲಿನ ಹೊದಿಕೆಯೇ ಕರಗಿ ಹೋದೀತು. ಇದಲ್ಲದೆ ಯಂತ್ರದೊಳಗೆ ಕಾಲಿಟ್ಟೊಡನೆ ಈ ವಿದ್ಯುತ್ತನ್ನು ಬೇರೆ ಒತ್ತಡಕ್ಕೆ ಇಳಿಸಿ, ಏಕಮುಖಗೊಳಿಸಿ, ಕೆಪಾಸಿಟರುಗಳಲ್ಲಿ ತುಂಬಿಡುತ್ತಾರೆ. ಸಂಗೀತ ಆ ಕೇಬಲ್ಲಿನಲ್ಲಿ ಹರಿಯುವುದೇ ಇಲ್ಲ.

ಹಾಗೆಂದು ಪಳಗುವುದೆಲ್ಲ ಸುಳ್ಳೆನ್ನಲಾಗದು. ಧ್ವನಿವರ್ಧಕದ ಶಂಕುವನ್ನು ಹಿಡಿದಿರುವ ಅಂಚು ಮೊದಲ ಕೆಲವು ಗಂಟೆಗಳಲ್ಲಿ ತುಸು ಸಡಿಲುವುದನ್ನು ಅಳೆಯಬಹುದು. ಹಳೆಯ ಕಾಲದ ವಾಲ್ವು ಯಂತ್ರ ಕಾದಮೇಲೆಯೇ ಹಾಡುತ್ತದೆ. ಅಲುಗುವುದು, ಹಿಗ್ಗುವುದು, ಕಾಯುವುದು ಇವುಗಳಿಗೆ ಪಳಗುವುದೂ ಉಂಟು. ಇವೆಲ್ಲಕ್ಕಿಂತ ಬೇಗ ಪಳಗತಕ್ಕದ್ದು ಕೇಳುವವನ ಕಿವಿ. ಹೊಸ ಮನೆಯ ಮೊದಲ ರಾತ್ರಿ ನಿದ್ರೆಗೆಡಿಸಿದ ಗಡಿಯಾರದ ಸದ್ದು ತಿಂಗಳ ಮೇಲೆ ಕೇಳಿಸುವುದೇ ಇಲ್ಲ. ಗಡಿಯಾರ ಪಳಗಿತೆಂದು ಯಾರೂ ಹೇಳರು.

ಕನ್ನಡನಾಡಿನಲ್ಲಿ ಈ ಮಾತಿಗೆ ಒಂದು ವಿಶೇಷವಾದ ಹಿನ್ನೆಲೆಯುಂಟು. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ 30 ವಾಟಿನ ಪುಟ್ಟ ಯಂತ್ರದಿಂದ ‘ಆಕಾಶವಾಣಿ’ಯನ್ನು ತೊಡಗಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ನಾದವನ್ನು ಗಾಳಿಯಲ್ಲಿ ಕಳುಹಿಸಿದವರೂ, ಮನಸ್ಸಿನ ರೀತಿಯನ್ನು ಬೋಧಿಸಿದವರೂ ಒಬ್ಬರೇ. ಆ ಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು, ನಿರೀಕ್ಷೆಯು ಇಂದ್ರಿಯಕ್ಕಿಂತ ಮುಂದೆ ಓಡುತ್ತದೆಂಬುದು. ಹಣ ಕೊಟ್ಟು, ಎಂಟು ದಿನ ಕಾದವನ ಕಿವಿ ಪ್ರತಿಫಲವನ್ನು ಕೇಳದೆ ಇರುವುದು ಕಷ್ಟ. ಅದು ವಂಚನೆಯಲ್ಲ, ಮನುಷ್ಯಸ್ವಭಾವ.

ಇದನ್ನು ನಿರ್ಣಯಿಸಲು ಪಂಡಿತರು ಬೇಡ. ಒಂದೇ ಜಾತಿಯ ಎರಡು ಕೇಬಲ್ಲುಗಳು, ಒಂದು ಪಳಗಿದುದು, ಒಂದು ಹೊಸದು, ಒಂದು ಪರದೆ, ಒಂದು ನಾಣ್ಯ. ಮರೆಯಲ್ಲಿರುವವರು ನಾಣ್ಯ ಚಿಮ್ಮಿ, ಬಿದ್ದಂತೆ ಕೇಬಲ್ಲನ್ನು ಜೋಡಿಸಬೇಕು. ಹತ್ತರಲ್ಲಿ ಒಂಬತ್ತಾದರೂ ಬರಿಯ ಊಹೆಯಿಂದ ಸರಿಯಾಗುವುದು ನೂರಕ್ಕೆ ಒಂದು ಸಲದಷ್ಟು ಮಾತ್ರ. ರಜೆಗೆ ಬಂದ ಮಗಳು ದುರ್ಗಿಗುಡಿಯ ಮನೆಯಲ್ಲಿ ಹೀಗೆಯೇ ಮಾಡಿದಳು. ತಂದೆಗೆ ಐದು ಸರಿಯಾಯಿತು, ಐದು ತಪ್ಪಿತು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಮಗಳು ಗೆದ್ದವಳಂತೆ ನಗದೆ, ಗೋಡೆಯ ಗೂಡನ್ನು ಬಿಚ್ಚಿಸಿ ನೋಡಬೇಕೆಂದು ಮಾತ್ರ ಹೇಳಿದಳು.

ಕೆಲಸಗಾರನು ಬಂದು ಬಿಚ್ಚಿದಾಗ ಮೂರನೆಯ ರಂಧ್ರದ ಹಿಂದೆ ತಂತಿಯೇ ಇರಲಿಲ್ಲ. ಭೂಸಂಪರ್ಕವಿಲ್ಲದ ಗೂಡಿಗೆ ದುಬಾರಿ ಕೇಬಲ್ಲು ಸಿಕ್ಕಿಸಿದ್ದಾಗಿತ್ತು. ಮಲೆನಾಡಿನ ಮಳೆಗಾಲದಲ್ಲಿ ಗೋಡೆ ಬೆವರುತ್ತದೆ, ಸಿಡಿಲು ಹತ್ತಿರ ಬೀಳುತ್ತದೆ. ಯಂತ್ರದೊಳಗೆ ಎಲ್ಲಿಯಾದರೂ 230 ವೋಲ್ಟಿನ ಎಳೆ ಲೋಹದ ಹೊರಮೈಗೆ ತಾಗಿದರೆ, ಗುಂಡಿಯನ್ನು ಮುಟ್ಟಿದ ಕೈಯೇ ಭೂಮಿಗೆ ದಾರಿಯಾಗುತ್ತದೆ. ಹಿತ್ತಿಲಲ್ಲಿ ಗುಂಡಿ ತೋಡಿ, ಕೊಳವೆ ಹೂಳಿ, ಇದ್ದಲು ಉಪ್ಪು ತುಂಬಿ, ಅಲ್ಲಿಂದ ಗೂಡಿನವರೆಗೆ ತಂತಿ ಎಳೆಸಿದರು. ಖರ್ಚು ಕೇಬಲ್ಲಿನ ಬೆಲೆಗಿಂತ ಕಡಮೆಯೇ ಆಯಿತು. ನಾದ ಬದಲಾಯಿತೆಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಚೌಡಯ್ಯನವರು ತಮ್ಮ ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿದುದು, ಧ್ವನಿವರ್ಧಕವಿಲ್ಲದ ಸಭೆಯಲ್ಲಿ ಕಡೆಯ ಸಾಲಿನವನಿಗೂ ಕೇಳಿಸಲೆಂದು. ನಾದವನ್ನು ಶುದ್ಧವಾಗಿ ಮುಟ್ಟಿಸಬೇಕೆಂಬ ಆಸೆ ಹಾಗಾದರೆ ಹೊಸದೂ ಅಲ್ಲ, ಹಾಸ್ಯಾಸ್ಪದವೂ ಅಲ್ಲ. ಆದರೆ ಅವರು ಆ ತಂತಿಗಳನ್ನು ಕಟ್ಟಿದುದು ಸಂಗೀತಕ್ಕೋಸ್ಕರ. ಕೇಳುವವನು ತಂತಿಗೋಸ್ಕರ ಸಂಗೀತವನ್ನು ಕೇಳತೊಡಗಿದನೆಂದರೆ ಸೇವಕನು ಸ್ವಾಮಿಯ ಪೀಠವನ್ನೇರಿದಂತಾಯಿತು. ಭದ್ರಾವತಿಯಲ್ಲಿ 1965ರಲ್ಲಿ ಆಕಾಶವಾಣಿ ತೊಡಗಿದಾಗ, ಕರಕರ ಸದ್ದಿನ ನಡುವೆಯೇ ಒಂದು ರೇಡಿಯೋದ ಸುತ್ತ ಮನೆಮಂದಿಯೆಲ್ಲ ಕುಳಿತು ಕೇಳಿದವರು ಈ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ನೆನಪಿನಲ್ಲಿ ಉಳಿದುದು ಹಾಡು, ಮತ್ತು ಪಕ್ಕದಲ್ಲಿ ಕುಳಿತಿದ್ದವರು. ಕರಕರ ಸದ್ದನ್ನು ಕಿವಿಯು ಎಂದೋ ಪಳಗಿಸಿಕೊಂಡು ಬಿಟ್ಟಿದ್ದಿತು.