ಅಂಗೈಯಗಲದ ಕಣಜ

ನಮ್ಮ ಕರಾವಳಿಯ ಹಳೆಯ ಮನೆಗಳಲ್ಲಿ ಪತ್ತಾಯವೆಂಬ ಮರದ ಕಣಜವೊಂದಿರುತ್ತಿತ್ತು. ಉಣ್ಣುವ ಭತ್ತವೆಲ್ಲ ಅದರೊಳಗೆ. ಬಿತ್ತನೆಯ ಬೀಜ ಮಾತ್ರ ಬೈಹುಲ್ಲಿನ ಮುಡಿಯಲ್ಲಿ, ಬೇರೆಯಾಗಿ. ಉಣ್ಣುವುದನ್ನೂ ಬಿತ್ತುವುದನ್ನೂ ಒಂದೇ ಕಡೆ ಇಡಬಾರದೆಂಬ ವಿವೇಕ ಹಿರಿಯರಿಗಿತ್ತು. ಆ ವಿವೇಕ ನಮಗೆ ಇನ್ನೂ ಬೇಕೆಂಬುದು ಲ್ಯಾಪ್‌ಟಾಪು ಬಂದಮೇಲೆ ತಿಳಿಯುತ್ತದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಪಾಠದ ಟಿಪ್ಪಣಿಗಳಿವೆ, ಪ್ರಶ್ನೆಪತ್ರಿಕೆಗಳಿವೆ. ಅವು ಅಳಿದರೆ ವಿದ್ಯಾರ್ಥಿಗಳು ಸಂತೋಷಪಟ್ಟಾರು. ಆದರೆ ಕಾರ್ಕಳದ ಅಜ್ಜಿ ಹಾಡಿದ ಪಾಡ್ದನಗಳೂ ನಾಲ್ಕು ಗಂಟೆಗಳಷ್ಟು ಅದರಲ್ಲಿವೆ. ಅಜ್ಜಿ ಈಗಿಲ್ಲ, ಆ ಧ್ವನಿಗೆ ಎರಡನೆಯ ಮುದ್ರಣವಿಲ್ಲ. ಅದಕ್ಕೊಂದು ಮುಡಿ ಕಟ್ಟಬೇಕೆಂದು ಮಣಿಪಾಲದ ಅಂಗಡಿಗೆ ಹೋದೆ.

"ಎಷ್ಟು ಟಿಬಿ ಬೇಕು, ಸರ್?" ಎಂದ ಅಂಗಡಿಯ ತರುಣ.

ಲ್ಯಾಪ್‌ಟಾಪಿನ ಸಾಮರ್ಥ್ಯದ ಎರಡರಷ್ಟಿದ್ದರೆ ಸಾಕೆಂಬುದು ಒಳ್ಳೆಯ ಲೆಕ್ಕ. ಒಂದು ಟೆರಾಬೈಟಿನ ಡಿಸ್ಕನ್ನು ಕೊಂಡರೆ ಕಂಪ್ಯೂಟರು ಅದನ್ನು 931 ಗಿಗಾಬೈಟೆಂದು ತೋರಿಸುವುದುಂಟು. ಅಳತೆಯಲ್ಲಿ ಮೋಸವಾಯಿತೆಂದು ಜಗಳಕ್ಕೆ ಹೋಗಬೇಕಾಗಿಲ್ಲ. ತಯಾರಕರದು ಸಾವಿರದ ಲೆಕ್ಕ, ವಿಂಡೋಸಿನದು 1024ರ ಲೆಕ್ಕ. ಊರಿಗೊಂದು ಸೇರು ಇದ್ದ ಕಾಲವನ್ನು ಕಂಡವರಿಗೆ ಇದು ಹೊಸತಲ್ಲ.

ಜಾತಿ ಎರಡು. ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತದೆ. ತಿರುಗುವಾಗ ಕೈಜಾರಿ ಬಿದ್ದರೆ ಅದರ ಆಯುಸ್ಸು ಮುಗಿಯಬಹುದು. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ. ವೇಗ ಹೆಚ್ಚು, ಬೆಲೆಯೂ ಹೆಚ್ಚು. ಆದರೆ ವಿದ್ಯುತ್ತಿನ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಅದರಲ್ಲಿರುವುದು ಮಾಸಬಹುದು. ದಿನವೂ ಚೀಲದಲ್ಲಿ ಒಯ್ಯುವವರಿಗೆ ಎಸ್‌ಎಸ್‌ಡಿ ಹಿತ. ಮನೆಯಲ್ಲಿ ಭದ್ರವಾಗಿಡುವವರಿಗೆ, ಕಡಮೆ ಹಣದಲ್ಲಿ ಹೆಚ್ಚು ಜಾಗ ಬೇಕೆನ್ನುವವರಿಗೆ ಹಾರ್ಡ್ ಡಿಸ್ಕೇ ಸಾಕು. ವಾರಂಟಿ ಎಂಬ ಮಾತಿಗೆ ಮರುಳಾಗಬಾರದು. ಕೆಟ್ಟರೆ ಹೊಸ ಡಿಸ್ಕು ಕೊಟ್ಟಾರು; ಅಜ್ಜಿಯ ಹಾಡನ್ನು ಯಾರು ಕೊಟ್ಟಾರು?

ನಮ್ಮ ಹವೆಯೂ ಲೆಕ್ಕಕ್ಕೆ ಬರತಕ್ಕದ್ದು. ಕಾಪುವಿನ ಕಡಲತೀರದಲ್ಲಿ ಉಪ್ಪುಗಾಳಿ ಕಿಟಕಿಯ ಸರಳುಗಳನ್ನೇ ತಿನ್ನುತ್ತದೆ. ಅಲ್ಲಿನ ಸ್ನೇಹಿತರೊಬ್ಬರು ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣದೊಡನೆ ಇಡುತ್ತಾರೆ. 2020ರ ಸೆಪ್ಟೆಂಬರಿನ ಮಳೆಗೆ ಉಡುಪಿಯ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಲ್ಯಾಪ್‌ಟಾಪೂ ಡಿಸ್ಕೂ ಒಂದೇ ಮೇಜಿನ ಮೇಲಿದ್ದರೆ ಅಂಥ ಹೊತ್ತಿನಲ್ಲಿ ಎರಡೂ ಒಟ್ಟಿಗೇ ಮುಳುಗುತ್ತವೆ. ಆದುದರಿಂದಲೇ ಬಲ್ಲವರ ಸೂತ್ರ: ಪ್ರತಿ ಮೂರು, ಬಗೆ ಎರಡು, ಒಂದು ಪ್ರತಿ ಬೇರೆಯ ಊರಿನಲ್ಲಿ.

ಕಾರ್ಕಳದ ಗೊಮ್ಮಟ 1432ರಿಂದಲೂ ಬಯಲಿನಲ್ಲಿ ನಿಂತಿದ್ದಾನೆ. ಕಲ್ಲಿಗೆ ಆ ಭಾಗ್ಯವುಂಟು, ಓಲೆಗಿಲ್ಲ. ಉಡುಪಿಯ ಪಲಿಮಾರು ಮಠದಲ್ಲಿ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಪ್ರಾಚೀನ ತಾಳೆಯೋಲೆಗಳಿವೆ. ಕಾಲದಿಂದಲೂ ಹಚ್ಚಿದ ಎಣ್ಣೆಯಿಂದಲೂ ಅವು ಕಪ್ಪಾಗಿ ಅಕ್ಷರಗಳು ಮಸುಕಾಗಿದ್ದುವು. 2006ರ ಸುಮಾರಿಗೆ ಅಮೆರಿಕದ ರಾಚೆಸ್ಟರ್ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅವುಗಳ ಚಿತ್ರ ತೆಗೆದರು. ಕಂಪ್ಯೂಟರಿನಲ್ಲಿರಿಸಿದರೆ ಸಾಲದೆಂದು ಪುಸ್ತಕದಲ್ಲಿಯೂ, ಭೂತಗನ್ನಡಿಯಿಂದ ಓದಬಹುದಾದಂತೆ ಸಿಲಿಕಾನ್ ಬಿಲ್ಲೆಗಳಲ್ಲಿಯೂ ಉಳಿಸುವ ಯೋಜನೆ ಹಾಕಿದರು. ಅಂಥ ಬಲ್ಲವರೇ ಒಂದೇ ಪಾತ್ರೆಯನ್ನು ನಂಬಲಿಲ್ಲ.

ನಾನು ದೊಡ್ಡದೊಂದರ ಬದಲು ಬೇರೆಬೇರೆ ಕಂಪೆನಿಗಳ ಎರಡು ಸಣ್ಣ ಡಿಸ್ಕುಗಳನ್ನು ಕೊಂಡೆ. ಒಂದು ಮಣಿಪಾಲದಲ್ಲಿದೆ, ಇನ್ನೊಂದು ಕಾರ್ಕಳದಲ್ಲಿ ಅಕ್ಕನ ಕಪಾಟಿನಲ್ಲಿ. ಹಾಡುಗಳದೊಂದು ಪ್ರತಿ ಅಂತರ್ಜಾಲದ ಉಗ್ರಾಣದಲ್ಲೂ ಇದೆ. ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ದಾಟಿಸಬೇಕು. ಓಲೆ ಜೀರ್ಣವಾಗುವ ಮೊದಲೇ ಹೊಸ ಓಲೆಗೆ ಪ್ರತಿಮಾಡುತ್ತಿದ್ದ ಲಿಪಿಕಾರರ ಕೆಲಸವೇ ಇದು. ತಿಂಗಳಿಗೊಮ್ಮೆ ತೆರೆದು ಪರೀಕ್ಷಿಸುವುದೂ ಅಗತ್ಯ.

ಕಾರ್ಕಳದಲ್ಲಿ ಆ ಪರೀಕ್ಷೆಯ ಹೊಣೆ ಅಕ್ಕನ ಮಗಳದು. ಕೇಳಿ ಕೇಳಿ ಅವಳಿಗೆ ಒಂದು ಪಾಡ್ದನ ಬಾಯಿಗೆ ಬಂದಿದೆಯಂತೆ. ಬಲ್ಲವರ ಸೂತ್ರದಲ್ಲಿ ಈ ನಾಲ್ಕನೆಯ ಪ್ರತಿಯ ಮಾತಿಲ್ಲ.